ಕಡಲಿನ ಒಡಲು ಮತ್ತು ನೌಕಾವಾಸ: ನೇತ್ರಾಣಿಯ ನೀರು ಕಲಿಸುವ ಪಾಠ

ಪಶ್ಚಿಮ ಸಮುದ್ರವು ಕನ್ನಡ ನಾಡಿನ ಎಲ್ಲೆ ಎಂದು ಭೂಗೋಳದ ಪುಸ್ತಕಗಳು ಹೇಳುತ್ತವೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಜನರಿಗಾದರೋ ಅದು ಎಲ್ಲೆಯಲ್ಲ, ಹೊಲ. ಒಕ್ಕಲಿಗನು ಮಣ್ಣನ್ನು ನಂಬಿರುವಂತೆ ಮೀನುಗಾರನು ನೀರನ್ನು ನಂಬಿದ್ದಾನೆ. ಆದರೂ ಒಂದು ವಿಚಿತ್ರವುಂಟು. ಒಕ್ಕಲಿಗನು ತನ್ನ ಹೊಲದ ಮಣ್ಣನ್ನು ಅಗೆದು, ಹಿಡಿದು, ಮೂಸಿ ನೋಡಬಲ್ಲನು. ಕಡಲಿನ ಮಗನಿಗೆ ತನ್ನ ಹೊಲದ ತಳವನ್ನು ಕಾಣುವ ಭಾಗ್ಯ ಸಹಸ್ರಾರು ವರ್ಷಗಳವರೆಗೆ ಲಭಿಸಲಿಲ್ಲ. ಬಂಡೆಗಳಿಗೆ ಅಂಟಿದ ಪಚ್ಚಿಲೆ ಚಿಪ್ಪುಗಳನ್ನು ಉಸಿರು ಕಟ್ಟಿ ಮುಳುಗಿ ಕಿತ್ತು ತರುವವನು ಕಂಡುದು ಒಂದು ಅಥವಾ ಎರಡು ನಿಮಿಷಗಳ ಮಸುಕು ನೋಟವನ್ನು ಮಾತ್ರ. ಬಲೆಯಲ್ಲಿ ಮೇಲೆ ಬಂದ ಜೀವಿಗಳಿಂದಲೇ ಕೆಳಗಿನ ಲೋಕವನ್ನು ಊಹಿಸಬೇಕಾಗಿತ್ತು.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಈ ತೆರೆ ಸರಿಯಿತು. ಮನುಷ್ಯನು ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡು ನೀರಿಗಿಳಿಯುವ ವಿದ್ಯೆಯನ್ನು ಕಲಿತನು. ಅದರ ಬೆನ್ನಲ್ಲಿಯೇ ದಿನಗಟ್ಟಲೆ ನೌಕೆಯಲ್ಲಿಯೇ ವಾಸಿಸುತ್ತ, ಜನವಸತಿಯಿಲ್ಲದ ದೂರದ ದ್ವೀಪಗಳ ಸುತ್ತ ಮುಳುಗಿ ಜೀವಲೋಕವನ್ನು ನೋಡುವ ಯಾತ್ರೆಯೊಂದು ಬೆಳೆದು ಬಂದಿತು. ಇದನ್ನು ಇಂಗ್ಲಿಷಿನಲ್ಲಿ ಲೈವ್ ಅಬೋರ್ಡ್ ಎನ್ನುತ್ತಾರೆ. ಕನ್ನಡದಲ್ಲಿ ನೌಕಾವಾಸವೆಂದು ಕರೆಯಬಹುದು. ಈ ಯಾತ್ರೆಯ ಸ್ವರೂಪವೇನು, ಅದರ ಹಿಂದಿರುವ ಶಾಸ್ತ್ರವೇನು, ಕನ್ನಡ ಕರಾವಳಿಗೆ ಅದರಿಂದ ಬರುವ ಲಾಭ ಮತ್ತು ಅಪಾಯಗಳೇನು ಎಂಬುದನ್ನು ವಿದ್ಯಾರ್ಥಿಗಳು ಅರಿಯುವುದು ಯುಕ್ತವಾಗಿದೆ.

ಕಡಲ ನಂಟಿನ ಹಿನ್ನೆಲೆ

ಈ ತೀರದ ಜನರಿಗೆ ನೌಕೆ ಹೊಸದಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟ ಎಂಬ ಐದು ಹೊಳೆಗಳು ಕೂಡಿ ಗಂಗೊಳ್ಳಿಯ ಬಳಿ ಸಮುದ್ರವನ್ನು ಸೇರುವ ಪಂಚಗಂಗಾವಳಿಯ ಅಳಿವೆ ಪುರಾತನ ಕಾಲದಿಂದಲೂ ಹಡಗುಗಳಿಗೆ ಆಶ್ರಯವಿತ್ತಿದೆ. ವಾರಾಹಿಯ ದಂಡೆಯ ಬಸ್ರೂರಿನಿಂದ ಅಕ್ಕಿ ಗೋವೆಗೂ ಪಾರಸೀಕ ಕೊಲ್ಲಿಯ ರೇವುಗಳಿಗೂ ಹೋಗುತ್ತಿತ್ತು. ದಕ್ಷಿಣದಲ್ಲಿ ಸೀತಾ ಮತ್ತು ಸುವರ್ಣಾ ನದಿಗಳು ಕಡಲನ್ನು ಕೂಡುವೆಡೆಯ ಹಂಗಾರಕಟ್ಟೆ, ಅದರ ಒಳನಾಡಿನಲ್ಲಿ ಆಳುಪರ ರಾಜಧಾನಿಯಾಗಿದ್ದ ಬಾರಕೂರು ಇವೆಲ್ಲವೂ ಕಡಲ ವ್ಯಾಪಾರದಿಂದ ಬೆಳೆದ ನೆಲೆಗಳೇ. ವೀರಶೈವ ಧರ್ಮನಿಷ್ಠರಾದ ಕೆಳದಿಯ ಅರಸರು ಈ ಕರಾವಳಿಯ ಬೆಲೆಯನ್ನು ಚೆನ್ನಾಗಿ ಅರಿತಿದ್ದರು. ಶಿವಪ್ಪನಾಯಕನು ೧೬೫೦ರ ದಶಕದ ಮೊದಲ ಭಾಗದಲ್ಲಿ ಪೋರ್ಚುಗೀಸರನ್ನು ಹೊನ್ನಾವರ, ಗಂಗೊಳ್ಳಿ, ಬಸ್ರೂರುಗಳ ಕೋಟೆಗಳಿಂದ ಹೊರಗಟ್ಟಿದುದು ಇತಿಹಾಸ ಪ್ರಸಿದ್ಧವಾಗಿದೆ. ೧೬೬೫ರಲ್ಲಿ ಛತ್ರಪತಿ ಶಿವಾಜಿಯು ಸ್ವತಃ ನೌಕಾಪಡೆಯೊಡನೆ ಬಸ್ರೂರಿನವರೆಗೆ ಬಂದುದೂ ಈ ರೇವಿನ ಸಂಪತ್ತಿಗೆ ಸಾಕ್ಷಿಯಾಗಿದೆ.

ಆದರೆ ಈ ಇತಿಹಾಸವೆಲ್ಲ ನೀರಿನ ಮೇಲ್ಮೈಯ ಇತಿಹಾಸ. ನೀರಿನಡಿಯ ಚರಿತ್ರೆ ತೀರ ಈಚಿನದು.

ಗಾಳಿಯನ್ನು ಹೊತ್ತು ಮುಳುಗುವ ವಿದ್ಯೆ

೧೯೪೩ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ತೊ ಮತ್ತು ಯಂತ್ರಶಿಲ್ಪಿ ಎಮಿಲ್ ಗನ್ಯಾನ್ ಎಂಬವರು ಒಂದು ಉಪಕರಣವನ್ನು ಸಿದ್ಧಪಡಿಸಿದರು. ಲೋಹದ ಕೊಳವಿಯಲ್ಲಿ ಒತ್ತಿ ತುಂಬಿದ ಗಾಳಿ, ಅದರ ಬಾಯಿಗೆ ಒಂದು ಕವಾಟ. ಮುಳುಗಿದವನು ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಸಮನಾದ ಒತ್ತಡದಲ್ಲಿ, ಬೇಕಾದಷ್ಟೇ ಗಾಳಿಯನ್ನು ಆ ಕವಾಟವು ಒದಗಿಸುವುದು. ಅದಕ್ಕೆ ಮುಂಚೆ ಮುಳುಗುವವನು ಸಾಮಾನ್ಯವಾಗಿ ಮೇಲಿನ ದೋಣಿಯಿಂದ ಬರುವ ಗಾಳಿಯ ಕೊಳವೆಗೆ ಕಟ್ಟುಬಿದ್ದಿದ್ದನು. ಈಗ ಮೀನಿನಂತೆ ಸ್ವತಂತ್ರನಾದನು. ಇದೇ ಸ್ಕೂಬಾ ವಿಧಾನದ ಮೂಲ.

ಯುದ್ಧಾನಂತರ ಕೂಸ್ತೊ ಹಳೆಯ ಸಮರನೌಕೆಯೊಂದನ್ನು ಸಂಶೋಧನಾ ನೌಕೆಯಾಗಿ ಮಾರ್ಪಡಿಸಿ ಅದಕ್ಕೆ ಕ್ಯಾಲಿಪ್ಸೊ ಎಂಬ ಹೆಸರನ್ನು ಉಳಿಸಿಕೊಂಡನು. ವಿಜ್ಞಾನಿಗಳೂ ಮುಳುಗುಗಾರರೂ ತಿಂಗಳುಗಟ್ಟಲೆ ಅದರಲ್ಲಿಯೇ ಉಂಡು, ಮಲಗಿ, ಕೆಂಪು ಸಮುದ್ರ ಮತ್ತು ಹಿಂದೂ ಮಹಾಸಾಗರಗಳ ಹವಳದ ದಿಬ್ಬಗಳನ್ನು ಶೋಧಿಸಿದರು. ಅವರ 'ನಿಶ್ಶಬ್ದ ಜಗತ್ತು' ಎಂಬರ್ಥದ ಚಲನಚಿತ್ರವು ೧೯೫೬ರಲ್ಲಿ ತೆರೆಗೆ ಬಂದು ಲಕ್ಷಾಂತರ ಜನರಿಗೆ ಸಮುದ್ರತಳವನ್ನು ಮೊದಲ ಬಾರಿ ಬಣ್ಣದಲ್ಲಿ ತೋರಿಸಿತು. ಅಂದು ವಿಜ್ಞಾನಿಗಳಿಗೆ ಮೀಸಲಾಗಿದ್ದ ನೌಕಾವಾಸವು ಬರಬರುತ್ತ ಸಾಮಾನ್ಯ ಪ್ರವಾಸಿಗಳಿಗೂ ತೆರೆದುಕೊಂಡಿತು.

ಇಂದಿನ ನೌಕಾವಾಸದ ದಿನಚರಿಯನ್ನು ಹೀಗೆ ಸಂಗ್ರಹಿಸಬಹುದು. ಹತ್ತರಿಂದ ಇಪ್ಪತ್ತೈದು ಯಾತ್ರಿಕರಿಗೆ ಕೊಠಡಿಗಳುಳ್ಳ ನೌಕೆ. ಕೊಳವಿಗಳಿಗೆ ಗಾಳಿ ತುಂಬುವ ಸಂಕೋಚಕ ಯಂತ್ರ. ಉಪ್ಪುನೀರನ್ನು ಸಿಹಿಗೊಳಿಸುವ ಯಂತ್ರ. ಮುಳುಗುವ ಸ್ಥಳಕ್ಕೆ ಕೊಂಡೊಯ್ಯುವ ಚಿಕ್ಕ ದೋಣಿಗಳು. ರಾತ್ರಿ ಪ್ರಯಾಣ, ಹಗಲು ಮುಳುಗುವಿಕೆ. ದಿನಕ್ಕೆ ಮೂರು ನಾಲ್ಕು ಸಲ, ಒಂದೊಂದು ಸಲ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ನೀರಿನಲ್ಲಿರುವುದು ವಾಡಿಕೆ. ಪ್ರತಿ ಮುಳುಗಿಗೂ ಮುನ್ನ ಮಾರ್ಗದರ್ಶಕನು ತಳದ ನಕ್ಷೆ, ಪ್ರವಾಹದ ದಿಕ್ಕು, ಆಳದ ಮಿತಿ, ಮರಳುವ ಸಮಯ ಇವನ್ನು ವಿವರಿಸುತ್ತಾನೆ. ಯಾರೂ ಒಂಟಿಯಾಗಿ ಮುಳುಗುವಂತಿಲ್ಲ. ಇಬ್ಬಿಬ್ಬರು ಜೊತೆಯಾಗಿ, ಒಬ್ಬರ ಉಸಿರಿಗೆ ಇನ್ನೊಬ್ಬರು ಹೊಣೆಯಾಗಿ ಇಳಿಯಬೇಕು.

ಉಸಿರಿನ ಗಣಿತ

ಮೇಲ್ನೋಟಕ್ಕೆ ಇದು ವಿನೋದವಾಗಿ ಕಂಡರೂ ಇದರ ಆಧಾರ ಕಠಿಣವಾದ ಭೌತಶಾಸ್ತ್ರ. ಪ್ರೌಢಶಾಲೆಯಲ್ಲಿ ಕಲಿಯುವ ಬಾಯ್ಲನ ನಿಯಮವು ಇಲ್ಲಿ ಜೀವನ್ಮರಣದ ಪ್ರಶ್ನೆಯಾಗುತ್ತದೆ. ಸಮುದ್ರಮಟ್ಟದಲ್ಲಿ ದೇಹದ ಮೇಲಿರುವುದು ಒಂದು ವಾಯುಮಂಡಲದ ಒತ್ತಡ. ನೀರಿನಲ್ಲಿ ಪ್ರತಿ ೧೦ ಮೀಟರ್ ಆಳಕ್ಕೂ ಮತ್ತೊಂದು ವಾಯುಮಂಡಲದಷ್ಟು ಒತ್ತಡ ಸೇರುತ್ತದೆ. ೧೦ ಮೀಟರಿನಲ್ಲಿ ಎರಡು, ೨೦ರಲ್ಲಿ ಮೂರು, ೩೦ರಲ್ಲಿ ನಾಲ್ಕು. ಹತ್ತು ಮೀಟರ್ ಆಳದಲ್ಲಿ ಶ್ವಾಸಕೋಶದ ತುಂಬ ಗಾಳಿ ಎಳೆದುಕೊಂಡವನು ಉಸಿರು ಹಿಡಿದು ಮೇಲಕ್ಕೆ ಧಾವಿಸಿದರೆ ಆ ಗಾಳಿಯು ಹಿಗ್ಗಿ ಇಮ್ಮಡಿಯಾಗುತ್ತದೆ. ಶ್ವಾಸಕೋಶವು ಅದನ್ನು ತಾಳಲಾರದೆ ಹರಿಯುತ್ತದೆ. ಆದುದರಿಂದಲೇ ಎಂದಿಗೂ ಉಸಿರನ್ನು ಕಟ್ಟಬಾರದು ಎಂಬುದು ಈ ವಿದ್ಯೆಯ ಪ್ರಥಮ ಸೂತ್ರ. ಪಚ್ಚಿಲೆ ಕೀಳುವವನು ಮೇಲಿನಿಂದ ಎಳೆದುಕೊಂಡ ಉಸಿರನ್ನೇ ಮರಳಿ ತರುವುದರಿಂದ ಅವನಿಗೆ ಈ ಭಯವಿಲ್ಲ.

ಗಾಳಿಯ ಲೆಕ್ಕವೂ ಅಷ್ಟೇ ಸ್ಪಷ್ಟ. ೧೨ ಲೀಟರ್ ಗಾತ್ರದ ಕೊಳವಿಯಲ್ಲಿ ೨೦೦ ಪಟ್ಟು ಒತ್ತಡದಲ್ಲಿ ತುಂಬಿದರೆ ಸುಮಾರು ೨,೪೦೦ ಲೀಟರ್ ಗಾಳಿಯಾಯಿತು. ಶಾಂತವಾಗಿ ಈಜುವವನಿಗೆ ನಿಮಿಷಕ್ಕೆ ೨೦ ಲೀಟರ್ ಬೇಕೆಂದಿಟ್ಟುಕೊಂಡರೆ, ಹತ್ತು ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾದ ಕಾರಣ ೪೦ ಲೀಟರ್ ಖರ್ಚಾಗುತ್ತದೆ. ಆಪತ್ತಿಗೆಂದು ಕಾಲು ಭಾಗವನ್ನು ಉಳಿಸಿಕೊಂಡರೆ ೧,೮೦೦ ಲೀಟರಿಗೆ ದೊರೆಯುವುದು ೪೫ ನಿಮಿಷ. ಮೂವತ್ತು ಮೀಟರಿನಲ್ಲಿ ಅದು ಇಪ್ಪತ್ತೆರಡು ನಿಮಿಷಕ್ಕೆ ಇಳಿಯುತ್ತದೆ. ಗಾಬರಿಯಾದವನು ಏದುಸಿರು ಬಿಟ್ಟರೆ ಇನ್ನೂ ಬೇಗ ಬರಿದಾಗುತ್ತದೆ. ಮನಸ್ಸಿನ ಸ್ಥಿರತೆಗೂ ಉಸಿರಿನ ಮಿತವ್ಯಯಕ್ಕೂ ಇರುವ ನಂಟನ್ನು ಯೋಗಶಾಸ್ತ್ರ ಹೇಳಿದೆ; ಇಲ್ಲಿ ಅದನ್ನು ಮಾಪಕದ ಮುಳ್ಳೇ ತೋರಿಸುತ್ತದೆ.

ಇನ್ನೊಂದು ಗಂಡಾಂತರ ಕಣ್ಣಿಗೆ ಕಾಣದು. ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ. ಒತ್ತಡ ಹೆಚ್ಚಿದಷ್ಟೂ ಅದು ರಕ್ತ ಮತ್ತು ಮಾಂಸಗಳಲ್ಲಿ ಕರಗುತ್ತದೆ. ನಿಧಾನವಾಗಿ ಮೇಲೇರಿದರೆ ಶ್ವಾಸದ ಮೂಲಕ ಹೊರಬೀಳುತ್ತದೆ. ಬೇಗನೆ ಏರಿದರೆ ಸೋಡಾ ಬಾಟಲಿಯ ಬಿರಡೆ ತೆಗೆದಾಗ ಏಳುವಂತೆ ದೇಹದೊಳಗೇ ಗುಳ್ಳೆಗಳೇಳುತ್ತವೆ. ಕೀಲುಗಳಲ್ಲಿ ಅಸಹ್ಯ ವೇದನೆ, ಕೆಲವೊಮ್ಮೆ ಅಂಗವೈಕಲ್ಯ, ಮರಣವೂ ಉಂಟಾಗಬಹುದು. ಬ್ರಿಟನ್ನಿನ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನನು ಆಡುಗಳ ಮೇಲೆ ಪ್ರಯೋಗ ನಡೆಸಿ, ಹಂತಹಂತವಾಗಿ ತಂಗುತ್ತ ಮೇಲೇರುವ ಕ್ರಮದ ಕೋಷ್ಟಕಗಳನ್ನು ೧೯೦೮ರಲ್ಲಿ ಪ್ರಕಟಿಸಿದನು. ಇಂದಿಗೂ ಮುಳುಗುಗಾರರು ನಿಮಿಷಕ್ಕೆ ಒಂಬತ್ತು ಹತ್ತು ಮೀಟರಿಗಿಂತ ವೇಗವಾಗಿ ಏರುವುದಿಲ್ಲ; ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಬಳಿಕ ಹೊರಬರುತ್ತಾರೆ. ನೌಕಾವಾಸದಲ್ಲಿ ದಿನಕ್ಕೆ ಹಲವು ಸಲ ಮುಳುಗುವುದರಿಂದ ಸಾರಜನಕವು ದೇಹದಲ್ಲಿ ಸಂಚಯವಾಗುತ್ತ ಹೋಗುತ್ತದೆ. ಆದುದರಿಂದ ಪ್ರತಿ ಮುಳುಗಿನ ಆಳ ಮತ್ತು ಕಾಲವನ್ನು ದಾಖಲಿಸಿಕೊಳ್ಳಬೇಕು. ಯಾತ್ರೆ ಮುಗಿದ ಮೇಲೆ ಹದಿನೆಂಟರಿಂದ ಇಪ್ಪತ್ತನಾಲ್ಕು ಗಂಟೆಗಳವರೆಗೆ ವಿಮಾನವನ್ನು ಏರಬಾರದು. ಪ್ರಾರಂಭದ ಶಿಕ್ಷಣ ಪಡೆದವರಿಗೆ ೧೮ ಮೀಟರ್, ಹೆಚ್ಚಿನ ಶಿಕ್ಷಣ ಪಡೆದವರಿಗೆ ೩೦ ಮೀಟರ್, ವಿನೋದಾರ್ಥವಾಗಿ ಮುಳುಗುವವರಿಗೆಲ್ಲ ೪೦ ಮೀಟರ್ ಪರಮಾವಧಿ ಎಂದು ಮಿತಿಗಳನ್ನು ಇಟ್ಟಿರುವುದು ಈ ಕಾರಣದಿಂದಲೇ.

ದೂರದ ದ್ವೀಪಗಳು

ನೌಕಾವಾಸದ ಅವಶ್ಯಕತೆ ಏಕೆ ಬಂದಿತು? ಉತ್ತರ ಸರಳವಾಗಿದೆ. ದಡದಿಂದ ಒಂದು ದಿನದಲ್ಲಿ ಹೋಗಿ ಮರಳಲಾಗದ ದ್ವೀಪಗಳಿಗೆ ನೌಕೆಯೇ ಮನೆಯಾಗಬೇಕು. ಇದಕ್ಕೆ ಉತ್ತಮ ನಿದರ್ಶನ ಶಾಂತಸಾಗರದ ಗಲಾಪಗೊಸ್ ದ್ವೀಪಸ್ತೋಮ. ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದ ಕರಾವಳಿಯಿಂದ ಸುಮಾರು ಸಾವಿರ ಕಿಲೋಮೀಟರ್ ದೂರದಲ್ಲಿರುವ ಈ ದ್ವೀಪಗಳಿಗೆ ೧೮೩೫ರಲ್ಲಿ ಬೀಗಲ್ ನೌಕೆಯಲ್ಲಿ ಬಂದ ಚಾರ್ಲ್ಸ್ ಡಾರ್ವಿನ್ ಐದು ವಾರಗಳ ಕಾಲ ಅಲ್ಲಿಯ ಪಕ್ಷಿಗಳನ್ನೂ ಆಮೆಗಳನ್ನೂ ಅಭ್ಯಸಿಸಿದನು. ಅವನೂ ಒಂದರ್ಥದಲ್ಲಿ ನೌಕಾವಾಸಿಯೇ. ಆದರೆ ನೀರಿನಡಿಯನ್ನು ನೋಡುವ ಸಾಧನ ಅವನಲ್ಲಿರಲಿಲ್ಲ. ಸಮುದ್ರದಲ್ಲಿ ಮುಳುಗಿ ಪಾಚಿಯನ್ನು ಮೇಯುವ ಉಡ, ಸಮಭಾಜಕ ವೃತ್ತದ ಬಳಿ ವಾಸಿಸುವ ಪೆಂಗ್ವಿನ್, ಸುತ್ತಿಗೆಯಂಥ ತಲೆಯ ಶಾರ್ಕುಗಳ ಹಿಂಡು, ಬೃಹದಾಕಾರದ ತಿಮಿಂಗಿಲ ಶಾರ್ಕ್ ಇವುಗಳನ್ನು ಅವುಗಳ ನೆಲೆಯಲ್ಲಿಯೇ ಇಂದಿನ ಮುಳುಗುಗಾರನು ಕಾಣಬಲ್ಲನು. ಅಲ್ಲಿಯ ಉತ್ತರದ ಅಂಚಿನ ಡಾರ್ವಿನ್ ಮತ್ತು ವೂಲ್ಫ್ ಎಂಬ ದ್ವೀಪಗಳಿಗೆ ನೌಕಾವಾಸದ ಹೊರತು ಅನ್ಯಮಾರ್ಗವಿಲ್ಲ.

ಗಲಾಪಗೊಸ್ ೧೯೫೯ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ೧೯೭೮ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪ್ರಥಮ ಪಟ್ಟಿಯಲ್ಲಿ ಸೇರಿತು. ೧೯೯೮ರಲ್ಲಿ ಸುತ್ತಲಿನ ಸಮುದ್ರವೂ ಸಂರಕ್ಷಿತವಾಯಿತು. ಪ್ರಾಣಿಗಳಿಂದ ಎರಡು ಮೀಟರ್ ದೂರವಿರಬೇಕು, ಪರವಾನಗಿಯುಳ್ಳ ಮಾರ್ಗದರ್ಶಕನಿಲ್ಲದೆ ತಿರುಗಾಡಬಾರದು ಎಂಬ ನಿಯಮಗಳಿವೆ. ೨೦೨೪ರ ಆಗಸ್ಟಿನಿಂದ ವಿದೇಶೀಯರ ಪ್ರವೇಶ ಶುಲ್ಕವನ್ನು ನೂರರಿಂದ ಇನ್ನೂರು ಡಾಲರಿಗೆ ಏರಿಸಿದರು. ನೋಡುವವರ ಸಂಖ್ಯೆಯನ್ನು ಮಿತಿಯಲ್ಲಿಡದೆ ನೋಡತಕ್ಕ ವಸ್ತುವನ್ನು ಉಳಿಸಲಾಗದೆಂಬ ತತ್ತ್ವವನ್ನು ಆ ಚಿಕ್ಕ ದೇಶ ಅನುಸರಿಸುತ್ತಿದೆ.

ಭಾರತದಲ್ಲಿಯೂ ಇಂಥ ದ್ವೀಪಗಳಿಲ್ಲದಿಲ್ಲ. ಅಂಡಮಾನಿನ ಬ್ಯಾರನ್ ದ್ವೀಪವು ದೇಶದ ಏಕೈಕ ಜೀವಂತ ಜ್ವಾಲಾಮುಖಿ. ನಾರ್ಕೊಂಡಮ್ ದ್ವೀಪದ ಮಂಗಟ್ಟೆ ಹಕ್ಕಿಯು ಜಗತ್ತಿನ ಬೇರಾವ ಭಾಗದಲ್ಲಿಯೂ ಇಲ್ಲ. ಅರಬ್ಬೀ ಸಮುದ್ರದ ಲಕ್ಷದ್ವೀಪಗಳು ಹವಳದಿಂದಲೇ ನಿರ್ಮಿತವಾದ ಉಂಗುರಗಳು. ಅಲ್ಲಿರುವ ಮೂವತ್ತಾರು ದ್ವೀಪಗಳಲ್ಲಿ ಜನವಸತಿಯಿರುವುದು ಹತ್ತರಲ್ಲಿ ಮಾತ್ರ. ಮಹಾರಾಷ್ಟ್ರದ ದಕ್ಷಿಣ ಕರಾವಳಿಯಿಂದ ನೂರು ಕಿಲೋಮೀಟರಿಗೂ ಆಚೆ, ನೀರಿನಿಂದ ಸುಮಾರು ೨೦ ಮೀಟರ್ ಕೆಳಗೆ, ಆಂಗ್ರಿಯಾ ದಿಬ್ಬವೆಂಬ ಹವಳದ ಪ್ರಸ್ಥಭೂಮಿಯಿದೆ. ಇಂಥ ಸ್ಥಳವನ್ನು ಅಭ್ಯಸಿಸಬೇಕಾದರೆ ನೌಕೆಯಲ್ಲಿ ತಂಗಲೇಬೇಕು.

ನೇತ್ರಾಣಿ

ಕನ್ನಡ ಕರಾವಳಿಯಲ್ಲಿ ಈ ಬಗೆಯ ಯಾತ್ರೆಗೆ ಅತ್ಯಂತ ಸಮೀಪದ ನಿದರ್ಶನ ನೇತ್ರಾಣಿ. ಬೈಂದೂರಿನಿಂದ ಉತ್ತರಕ್ಕೆ ಶಿರೂರು, ಭಟ್ಕಳಗಳನ್ನು ದಾಟಿದರೆ ಮುರುಡೇಶ್ವರ. ಅಲ್ಲಿಂದ ಕಡಲಿನೊಳಗೆ ಸುಮಾರು ೧೯ ಕಿಲೋಮೀಟರ್ ದೂರದಲ್ಲಿ ಈ ದ್ವೀಪವಿದೆ. ದೋಣಿಯಲ್ಲಿ ಒಂದೂವರೆ ಗಂಟೆಯ ಹಾದಿ. ಗವಿಗಳಲ್ಲಿ ವಾಸಿಸುವ ಪಾರಿವಾಳಗಳಿಂದಾಗಿ ಆಂಗ್ಲರು ಇದನ್ನು ಪಾರಿವಾಳದ ದ್ವೀಪವೆಂದು ಕರೆದರು. ಆಕಾಶದಿಂದ ನೋಡಿದರೆ ಹೃದಯದ ಆಕಾರದಲ್ಲಿ ಕಾಣುವ ಈ ದ್ವೀಪದ ಕಡಿದಾದ ಬಂಡೆಗಳು ಬಿಳಿಹೊಟ್ಟೆಯ ಕಡಲ ಹದ್ದುಗಳಿಗೂ ಉಗುಳಿನಿಂದ ಗೂಡು ಕಟ್ಟುವ ಪುಟ್ಟ ಬಾನಾಡಿಗಳಿಗೂ ನೆಲೆಯಾಗಿವೆ. ಹರಕೆ ಹೊತ್ತ ಮೀನುಗಾರರು ಇಲ್ಲಿ ಆಡುಗಳನ್ನು ಬಿಡುವ ಪದ್ಧತಿ ಹಿಂದಿನಿಂದ ಬಂದಿದೆ. ಕಡಲಿನಲ್ಲಿ ಪ್ರಾಣವನ್ನು ಪಣವಾಗಿಟ್ಟವರಿಗೆ ದೈವದ ಮುಂದೆ ಜಾತಿ ಮತಗಳ ಭೇದವಿರಲಿಲ್ಲ. ಹಿಂದೂಗಳೂ ಮುಸಲ್ಮಾನರೂ ಈ ದ್ವೀಪಕ್ಕೆ ನಡೆದುಕೊಳ್ಳುತ್ತ ಬಂದುದು ಗಮನಾರ್ಹ.

ದ್ವೀಪದ ಬುಡದಲ್ಲಿ ಬಂಡೆಗಳನ್ನು ಆವರಿಸಿದ ಹವಳಗಳಿವೆ. ಹವಳವು ಕಲ್ಲಲ್ಲ, ಗಿಡವೂ ಅಲ್ಲ. ಸೂಕ್ಷ್ಮ ಪ್ರಾಣಿಗಳ ವಸಾಹತು. ತಮ್ಮ ದೇಹದೊಳಗೆ ಆಶ್ರಯ ಪಡೆದ ಪಾಚಿಗಳು ಸೂರ್ಯನ ಬೆಳಕಿನಿಂದ ತಯಾರಿಸಿದ ಆಹಾರವನ್ನು ಅವು ಪಡೆಯುತ್ತವೆ. ಪಾಚಿಗೆ ಮನೆ, ಹವಳಕ್ಕೆ ಅನ್ನ. ಹವಳದ ನಡುವೆ ಗಿಳಿಮೀನು, ಚಿಟ್ಟೆಮೀನು, ಮುರು, ತೊರಕೆ, ಹಾವುಮೀನು ಮೊದಲಾದವು ಸಂಚರಿಸುತ್ತವೆ. ಕಡಲಾಮೆಗಳು ಕಾಣಸಿಗುತ್ತವೆ, ಅಪರೂಪಕ್ಕೆ ತಿಮಿಂಗಿಲ ಶಾರ್ಕ್ ಕೂಡ ಹಾದುಹೋಗುತ್ತದೆ. ನದಿಗಳು ತರುವ ಹೂಳಿನಿಂದ ದಡದ ನೀರು ಕಲಕಿರುತ್ತದೆ. ನೇತ್ರಾಣಿಯು ದಡದಿಂದ ದೂರವಿರುವುದರಿಂದಲೇ ಅಲ್ಲಿಯ ನೀರು ತಿಳಿಯಾಗಿದ್ದು ನೋಟಕ್ಕೆ ಅನುಕೂಲವಾಗಿದೆ. ಮಳೆಗಾಲದಲ್ಲಿ ಕಡಲು ಉಗ್ರವಾಗಿರುವ ಕಾರಣ ಮುಳುಗುವಿಕೆ ನಿಲ್ಲುತ್ತದೆ. ಮಳೆ ಹಿಂದೆಗೆದ ಬಳಿಕ ಬೇಸಗೆಯವರೆಗೆ ಮುರುಡೇಶ್ವರದಿಂದ ಸ್ಕೂಬಾ ದೋಣಿಗಳು ಹೊರಡುತ್ತವೆ. ನಟ ಪುನೀತ್ ರಾಜಕುಮಾರ್ ಅವರು ಇಲ್ಲಿ ಮುಳುಗಿದ ದೃಶ್ಯಗಳು ೨೦೨೨ರಲ್ಲಿ ತೆರೆಕಂಡ 'ಗಂಧದ ಗುಡಿ' ಚಿತ್ರದ ಮೂಲಕ ನಾಡಿನ ಮನೆಮನೆಗೂ ತಲುಪಿದುವು.

ಆದರೆ ನೇತ್ರಾಣಿಯ ಯಾತ್ರೆ ನೌಕಾವಾಸವಲ್ಲ. ಬೆಳಗ್ಗೆ ಹೋಗಿ ಅಂದೇ ಮರಳುವ ಪಯಣ. ನೌಕಾಪಡೆಯು ಬಹುಕಾಲ ಈ ದ್ವೀಪವನ್ನು ಗುಂಡಿನ ಗುರಿಯಭ್ಯಾಸಕ್ಕೆ ಬಳಸಿದುದರಿಂದ ಅದರ ಮೇಲೆ ಪ್ರವಾಸಿಗಳನ್ನು ಇಳಿಸುವುದಿಲ್ಲ. ನೆಲಕ್ಕೆ ಕಾಲಿಡದೆ ನೀರಿನಿಂದಲೇ ದ್ವೀಪವನ್ನು ಕಂಡು ಮರಳುವ ಈ ಕ್ರಮವು ಹಕ್ಕಿಗಳ ಪಾಲಿಗೆ ಹಿತಕರವಾಗಿಯೇ ಪರಿಣಮಿಸಿದೆ.

ದಕ್ಷಿಣಕ್ಕೆ, ಮಲ್ಪೆಯ ಎದುರಿಗಿರುವ ಸೇಂಟ್ ಮೇರಿ ದ್ವೀಪಗಳಲ್ಲಿ ಸಾಲುಗಟ್ಟಿ ನಿಂತ ಷಟ್ಕೋನಾಕೃತಿಯ ಕಲ್ಲಿನ ಕಂಬಗಳಿವೆ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ತಣಿದು ಹೀಗಾಯಿತೆಂದು ಭೂಗರ್ಭಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ.

ಮೀನುಗಾರರ ನೌಕಾವಾಸ

ಈ ಕರಾವಳಿಯಲ್ಲಿ ನಿಜವಾದ ನೌಕಾವಾಸಿಗಳು ಬೇರೆಯೇ ಇದ್ದಾರೆ. ಗಂಗೊಳ್ಳಿ, ಮಲ್ಪೆ ಮೊದಲಾದ ಬಂದರುಗಳಿಂದ ಆಳಸಮುದ್ರಕ್ಕೆ ಹೊರಡುವ ಬೋಟುಗಳ ಮೀನುಗಾರರು ಎಂಟು ಹತ್ತು ದಿನ ನೆಲವನ್ನೇ ಕಾಣರು. ಮಂಜುಗಡ್ಡೆ, ಅಕ್ಕಿ, ಸಿಹಿನೀರು, ಡೀಸೆಲ್ ಇವನ್ನು ತುಂಬಿಕೊಂಡು ಹೊರಟು ಬೋಟಿನಲ್ಲಿಯೇ ಬೇಯಿಸಿ, ಅಲ್ಲಿಯೇ ಸರದಿಯಂತೆ ಮಲಗಿ, ರಾತ್ರಿ ಹಗಲೆನ್ನದೆ ಬಲೆಯೆಳೆಯುತ್ತಾರೆ. ವಿನೋದಯಾತ್ರಿಕನು ಹಣ ತೆತ್ತು ಪಡೆಯುವ ಅನುಭವದ ಕಠಿಣ ರೂಪವು ಇವರ ಪಾಲಿನ ನಿತ್ಯದ ಕಾಯಕ.

ಇವರ ಅಪಾಯದ ಪರಿಮಾಣವನ್ನು ಒಂದು ಘಟನೆ ನಾಡಿಗೆ ತಿಳಿಯಪಡಿಸಿತು. ೨೦೧೮ರ ಡಿಸೆಂಬರ್ ೧೩ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ಬೋಟು ಏಳು ಮಂದಿ ಮೀನುಗಾರರೊಡನೆ ಎರಡು ದಿನಗಳ ಬಳಿಕ ಸಂಪರ್ಕ ತಪ್ಪಿತು. ತಿಂಗಳುಗಟ್ಟಲೆ ಹುಡುಕಾಟ ನಡೆಯಿತು. ಕೊನೆಗೆ ೨೦೧೯ರ ಮೇ ತಿಂಗಳಿನಲ್ಲಿ ನೌಕಾಪಡೆಯ 'ನಿರೀಕ್ಷಕ್' ನೌಕೆಯು ಮಹಾರಾಷ್ಟ್ರದ ಮಾಲ್ವಣದ ಆಚೆ ಸುಮಾರು ೬೦ ಮೀಟರ್ ಆಳದಲ್ಲಿ ಅದರ ಅವಶೇಷಗಳನ್ನು ಪತ್ತೆಹಚ್ಚಿತು. ಆ ಏಳು ಮನೆಗಳಿಗೆ ಮಕ್ಕಳು ಮರಳಲಿಲ್ಲ. ಆದರೆ ಬೋಟು ಎಲ್ಲಿ ಹೋಯಿತೆಂಬ ಪ್ರಶ್ನೆಗಾದರೂ ಉತ್ತರ ದೊರೆಯಿತು. ನೀರಿನಡಿಗೆ ಇಳಿಯುವ ವಿದ್ಯೆಯ ಬೆಲೆ ವಿನೋದಕ್ಕೆ ಮಾತ್ರ ಸೀಮಿತವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಎಚ್ಚರದ ಕಾವಲು

ವಿನೋದದ ನೌಕಾವಾಸವೂ ನಿರಪಾಯವಲ್ಲ. ಕ್ಯಾಲಿಫೋರ್ನಿಯದ ಸಾಂತಾಕ್ರೂಸ್ ದ್ವೀಪದ ಬಳಿ ೨೦೧೯ರ ಸೆಪ್ಟೆಂಬರ್ ೨ರ ಮುಂಜಾವದಲ್ಲಿ ಲಂಗರು ಹಾಕಿ ನಿಂತಿದ್ದ 'ಕನ್ಸೆಪ್ಷನ್' ಎಂಬ ನೌಕೆಗೆ ಬೆಂಕಿ ಹತ್ತಿತು. ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ ೩೩ ಯಾತ್ರಿಕರೂ ಒಬ್ಬ ಸಿಬ್ಬಂದಿಯೂ, ಒಟ್ಟು ೩೪ ಮಂದಿ ಮೃತರಾದರು. ರಾತ್ರಿಯೆಲ್ಲ ಎಚ್ಚರವಾಗಿದ್ದು ನೌಕೆಯನ್ನು ಸುತ್ತುವ ಕಾವಲುಗಾರನಿರಲಿಲ್ಲವೆಂಬುದು ತನಿಖೆಯಲ್ಲಿ ಹೊರಬಿದ್ದಿತು. ೨೦೨೪ರ ನವೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಇಂಥದೇ ಮತ್ತೊಂದು ಯಾತ್ರಾನೌಕೆ ಮುಳುಗಿ ಹಲವರು ಪ್ರಾಣ ಕಳೆದುಕೊಂಡರು. ಗಂಗೊಳ್ಳಿಯಲ್ಲಿಯೂ ೨೦೨೩ರ ನವೆಂಬರಿನಲ್ಲಿ ದಡದಲ್ಲಿ ನಿಲ್ಲಿಸಿದ್ದ ಹಲವು ಬೋಟುಗಳು ಬೆಂಕಿಗೆ ಆಹುತಿಯಾದುವು. ನೀರಿನ ನಡುವೆ ಇರುವವನಿಗೆ ನೀರಿಗಿಂತ ಬೆಂಕಿಯೇ ಹೆಚ್ಚಿನ ಶತ್ರುವಾಗಬಲ್ಲುದು.

ಇದರಿಂದ ಕಲಿಯತಕ್ಕ ಪಾಠಗಳು ಸ್ಪಷ್ಟ. ಸಂಪತ್ತಿಗಾಗಿ ಹೊರಡಲಿ, ಸಂತೋಷಕ್ಕಾಗಿ ಹೊರಡಲಿ, ದೋಣಿ ಹತ್ತುವವನು ತೇಲುವ ಉಡುಪನ್ನು ತೊಡಬೇಕು, ಹೊರಬೀಳುವ ದಾರಿಗಳು ಎರಡಾದರೂ ಇರಬೇಕು, ಕಾವಲು ತಪ್ಪಬಾರದು. ಸ್ಕೂಬಾದಲ್ಲಿಯೂ ಅಷ್ಟೆ. ಒಂದೇ ದಿನದ ಪರಿಚಯ ಮುಳುಗಿಗೂ ದಿನಗಟ್ಟಲೆ ಅಭ್ಯಾಸದಿಂದ ಬರುವ ಪ್ರಮಾಣಪತ್ರಕ್ಕೂ ಅಂತರವಿದೆ. ಪರಿಚಯ ಮುಳುಗಿನಲ್ಲಿ ಶಿಕ್ಷಕನ ಕೈ ಬಿಡುವಂತಿಲ್ಲ. ಶೀತ, ಕಿವಿನೋವು, ಉಬ್ಬಸ, ಹೃದಯದ ತೊಂದರೆ ಇದ್ದವರು ವೈದ್ಯರ ಒಪ್ಪಿಗೆಯಿಲ್ಲದೆ ಇಳಿಯಬಾರದು.

ಕಡಲಿಗೆ ಬಂದ ಕಂಟಕ

ಮನುಷ್ಯನಿಗೆ ಕಡಲಿನಿಂದ ಇರುವ ಅಪಾಯಕ್ಕಿಂತ ಕಡಲಿಗೆ ಮನುಷ್ಯನಿಂದ ಒದಗಿರುವ ಅಪಾಯ ದೊಡ್ಡದು. ಎಸೆದ ಲಂಗರು ಒಂದು ಕ್ಷಣದಲ್ಲಿ ಮುರಿದ ಹವಳವು ಮತ್ತೆ ಬೆಳೆಯಲು ದಶಕಗಳೇ ಬೇಕು. ಅನನುಭವಿಯ ಕಾಲಿನ ರೆಕ್ಕೆ ತಾಗಿದರೂ ಅದು ಚೂರಾಗುತ್ತದೆ. ಇದಕ್ಕೆ ಪರಿಹಾರವಾಗಿ ತಳದಲ್ಲಿ ಶಾಶ್ವತವಾಗಿ ನೆಟ್ಟ ತೇಲುಗಂಬಗಳಿಗೆ ದೋಣಿ ಕಟ್ಟುವ ಕ್ರಮವನ್ನು ಅನೇಕ ದೇಶಗಳು ಅನುಸರಿಸುತ್ತಿವೆ. ಸಮುದ್ರದ ಉಷ್ಣತೆ ಒಂದೆರಡು ಡಿಗ್ರಿ ಏರಿ ನಿಂತರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಬಹುಕಾಲ ಹಾಗೆಯೇ ಇದ್ದರೆ ಸಾಯುತ್ತದೆ. ಲಕ್ಷದ್ವೀಪದ ಹವಳಗಳು ೧೯೯೮, ೨೦೧೦ ಮತ್ತು ೨೦೧೬ರಲ್ಲಿ ಈ ವ್ಯಾಧಿಗೆ ತುತ್ತಾದುವು.

ಮೀನುಗಾರಿಕೆಯ ಕ್ರಮವೂ ಬದಲಾಗಿದೆ. ಊರಿನ ಜನರೆಲ್ಲ ಕೂಡಿ ದಡಕ್ಕೆಳೆಯುತ್ತಿದ್ದ ರಂಪಣಿ ಬಲೆಯು ೧೯೭೦ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಹಿಂದೆ ಸರಿಯಿತು. ಪ್ರಖರ ದೀಪಗಳಿಂದ ಮೀನುಗಳನ್ನು ಒಟ್ಟುಗೂಡಿಸಿ ಮರಿಗಳನ್ನೂ ಬಾಚುವ ಪದ್ಧತಿಯನ್ನು ಕೇಂದ್ರ ಸರ್ಕಾರವು ೨೦೧೭ರಲ್ಲಿ ನಿಷೇಧಿಸಬೇಕಾಯಿತು. ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯಬಾರದೆಂಬ ನಿಯಮವಿರುವುದು ಮೀನುಗಳು ಸಂತಾನಾಭಿವೃದ್ಧಿ ಮಾಡಿಕೊಳ್ಳಲೆಂದೇ. ಹರಿದು ನೀರಿನಲ್ಲಿ ಉಳಿದ ಬಲೆಗಳು ಯಾರಿಗೂ ಉಪಯೋಗವಿಲ್ಲದೆ ವರ್ಷಗಟ್ಟಲೆ ಜೀವಿಗಳನ್ನು ಕೊಲ್ಲುತ್ತಿರುತ್ತವೆ. ಅವನ್ನು ಕಂಡು ಬಿಡಿಸಿ ತರಬಲ್ಲವನು ಮುಳುಗುಗಾರನೊಬ್ಬನೇ.

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ೨೦೦೧ರಲ್ಲಿ ತಿಮಿಂಗಿಲ ಶಾರ್ಕ್ ಮತ್ತು ಹವಳಗಳನ್ನು ಸೇರಿಸಲಾಯಿತು. ಕಡಲಾಮೆಗಳೂ ರಕ್ಷಿತ ಜೀವಿಗಳು. ಕುಂದಾಪುರದ ಕೋಡಿ, ಮರವಂತೆ ಮೊದಲಾದ ಮರಳದಂಡೆಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಬಂದು ಮೊಟ್ಟೆಯಿಡುತ್ತವೆ. ಅರಣ್ಯ ಇಲಾಖೆಯವರೂ ಸ್ಥಳೀಯ ಮೀನುಗಾರರೂ ಕೂಡಿ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಸುಮಾರು ಐವತ್ತು ದಿನಗಳಲ್ಲಿ ಮರಿಗಳು ಹೊರಬಂದು ಕಡಲನ್ನು ಸೇರುವಾಗ ಹಿಂದೆ ಮೊಟ್ಟೆ ಕದಿಯುತ್ತಿದ್ದ ಕೈಗಳೇ ಈಗ ಅವುಗಳಿಗೆ ದಾರಿ ಬಿಡುವುದುಂಟು. ಜ್ಞಾನವು ಮನಸ್ಸನ್ನು ತಿದ್ದಬಲ್ಲುದೆಂಬುದಕ್ಕೆ ಇದು 'ಕಡ್ಲಾಮೆ' ಕಲಿಸಿದ ಪಾಠ.

ಕರ್ತವ್ಯ

೨೦೧೮ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾದ ಬೈಂದೂರು ಮತ್ತು ಬ್ರಹ್ಮಾವರ, ಹಳೆಯ ತಾಲ್ಲೂಕಾದ ಕುಂದಾಪುರ, ಈ ಮೂರರ ತೀರವೂ ಪ್ರವಾಸೋದ್ಯಮದ ಕಡೆಗೆ ಮುಖ ಮಾಡಿವೆ. ಒಂದು ಕಡೆ ಸೌಪರ್ಣಿಕೆ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ ಹಾದಿರುವ ಮರವಂತೆಯನ್ನು ನೋಡಲು ಬರುವವರ ಸಂಖ್ಯೆ ಬೆಳೆಯುತ್ತಿದೆ. ನಾಳೆ ಈ ರೇವುಗಳಿಂದಲೂ ದಿನಗಟ್ಟಲೆಯ ನೌಕಾಯಾತ್ರೆಗಳು ಲಕ್ಷದ್ವೀಪದ ಕಡೆಗೆ ಹೊರಟರೆ ಆಶ್ಚರ್ಯವಿಲ್ಲ. ಆಗ ಉದ್ಭವಿಸುವ ಪ್ರಶ್ನೆ ಇದು: ಆ ನೌಕೆಯಲ್ಲಿ ಸ್ಥಳೀಯ ಯುವಕರು ಕೇವಲ ಪಾತ್ರೆ ತೊಳೆಯುವವರಾಗಿರುವರೋ, ಅಥವಾ ಮಾರ್ಗದರ್ಶಕರೂ ನಾವಿಕರೂ ಜೀವವಿಜ್ಞಾನಿಗಳೂ ಆಗಿರುವರೋ? ಗಾಳಿಯ ಗತಿ, ನೀರಿನ ಬಣ್ಣ, ಮೀನಿನ ಹಾದಿ ಇವು ಮೀನುಗಾರರ ಮಕ್ಕಳಿಗೆ ಕರತಲಾಮಲಕ. ಅದಕ್ಕೆ ಈಜು, ಪ್ರಥಮಚಿಕಿತ್ಸೆ ಮತ್ತು ವಿಜ್ಞಾನದ ಶಿಕ್ಷಣವನ್ನು ಕೂಡಿಸಿದರೆ ಅವರಿಗಿಂತ ಸಮರ್ಥರಾದ ಮಾರ್ಗದರ್ಶಕರು ಬೇರೆ ದೊರೆಯಲಾರರು.

ಕೋಟದಲ್ಲಿ ೧೯೦೨ರಲ್ಲಿ ಜನಿಸಿದ ಡಾ. ಶಿವರಾಮ ಕಾರಂತರು 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ'ಗಳನ್ನು ರಚಿಸಿ, ಜಗತ್ತಿನ ಜ್ಞಾನವನ್ನು ಕನ್ನಡದ ಮಕ್ಕಳ ಅಂಗೈಯಲ್ಲಿರಿಸಿದರು. ಅದೇ ತೀರದ ಶಾಲೆಗಳು ತಮ್ಮೆದುರಿಗಿರುವ ಸಮುದ್ರವನ್ನು ಪಾಠದ ಕೋಣೆಯಾಗಿ ಮಾಡಿಕೊಳ್ಳುವುದು ಅಸಾಧ್ಯವೇನಲ್ಲ. ಒಂದು ಹೊಳೆಯ ಅಳಿವೆ, ಒಂದು ಕಾಂಡ್ಲಾವನ, ಆಮೆಯ ಒಂದು ಗೂಡು ಇವನ್ನು ವರ್ಷವಿಡೀ ಅವಲೋಕಿಸಿ ಬರೆದಿಟ್ಟರೆ ಅದೇ ವಿಜ್ಞಾನದ ಮೊದಲ ಮೆಟ್ಟಿಲು.

ಶರಣರು ಕಾಯಕವನ್ನೂ ದಾಸೋಹವನ್ನೂ ಬೇರ್ಪಡಿಸಲಿಲ್ಲ. ಪ್ರಾಮಾಣಿಕವಾಗಿ ದುಡಿಯುವುದು ಕಾಯಕ. ದುಡಿದುದನ್ನು ಮಿತಿಯಾಗಿ ಬಳಸಿ ಮಿಕ್ಕುದನ್ನು ಸಮಾಜಕ್ಕೆ ಅರ್ಪಿಸುವುದು ದಾಸೋಹ. ಕಡಲಿನ ವಿಷಯದಲ್ಲಿಯೂ ಇದೇ ಧರ್ಮ ಸಲ್ಲುತ್ತದೆ. ಬಲೆ ಬೀಸುವವನೂ ಮುಳುಗಿ ನೋಡುವವನೂ ತಮ್ಮ ಪಾಲಿಗಿಂತ ಹೆಚ್ಚನ್ನು ತೆಗೆಯದೆ, ಬರುವ ತಲೆಮಾರಿನ ಪಾಲನ್ನು ಹಾಗೆಯೇ ಉಳಿಸಬೇಕು. ನೇತ್ರಾಣಿಯ ತಳದಲ್ಲಿ ಹವಳವೂ ಪಾಚಿಯೂ ಪರಸ್ಪರ ಕೊಟ್ಟುಕೊಂಡು ಬದುಕುತ್ತಿವೆ. ಅವುಗಳ ಮನೆಗೆ ಅತಿಥಿಯಾಗಿ ಹೋಗುವ ಮನುಷ್ಯನು ಅತಿಥಿಯ ಮರ್ಯಾದೆಯನ್ನು ಪಾಲಿಸಿದರೆ ಆ ಮನೆಯು ಮುಂದೆಯೂ ತೆರೆದಿರುತ್ತದೆ.